ಬರೆದಿದ್ದರೂ ಲೆಕ್ಕಕ್ಕೆ ಸಿಗದ ಭಾಷೆಗಳು

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳು ಬಳಕೆಯಲ್ಲಿವೆ. ಹಾಗಿದ್ದರೂ ಯಾವ ಭಾಷೆಯದೆಂದು ಗುರುತಿಸಲಾದ ಜಾಲತಾಣಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗ್ಲಿಷಿನವು. ಉಳಿದ ಭಾಷೆಗಳವರು ಬರೆಯುತ್ತಲೇ ಇಲ್ಲ ಎಂಬ ತೀರ್ಮಾನಕ್ಕೆ ಇದರಿಂದ ಬಂದುಬಿಡುವುದು ಸುಲಭ. ಹಲವು ಭಾಷೆಗಳ ಪಠ್ಯವನ್ನು ಕಲೆಹಾಕಿ ಹಸನುಗೊಳಿಸುವುದೇ ನನ್ನ ವೃತ್ತಿಯಾದ್ದರಿಂದ, ‘ಗುರುತಿಸಲಾದ’ ಎಂಬ ಮಾತಿನ ಮೇಲೆಯೇ ನನ್ನ ಗಮನ ನಿಲ್ಲುತ್ತದೆ.

ಗಣಕಯಂತ್ರ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ದಾಖಲಿಸುತ್ತದೆ, ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಹೇಳುವ ಪಟ್ಟಿಯೇ ಸಂಕೇತಪಟ್ಟಿ. 1963ರ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿದ್ದುದು 128 ಸ್ಥಾನಗಳು ಮಾತ್ರ. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು, ಫ್ರೆಂಚಿನ é ಯಂತಹ ಅಕ್ಷರಗಳಿಗೂ ಅಲ್ಲಿ ಜಾಗವಿರಲಿಲ್ಲ. 1991ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾಗಬೇಕೆಂಬ ಯುನಿಕೋಡ್‌ನ ಮೊದಲ ಆವೃತ್ತಿ ಬಂದು ಅನೇಕ ಲಿಪಿಗಳಿಗೆ ಸ್ಥಾನ ಸಿಕ್ಕಿತಾದರೂ ಮೊದಲು ಬಂದ ಭಾಷೆಯ ಅನುಕೂಲ ಹಾಗೆಯೇ ಉಳಿಯಿತು: ಯುನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ, ಅಂದರೆ ಸಂಗ್ರಹಣೆಯ ಚಿಕ್ಕ ಅಳತೆಗಳಾಗಿ, ಉಳಿಸುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಾಗಿ ಒಡೆದು 18 ಬೈಟ್ ಹಿಡಿಯುತ್ತದೆ. 160 ಅಕ್ಷರ ಹಿಡಿಸುವ ಎಸ್‌ಎಂಎಸ್ ಇಂತಹ ಲಿಪಿಗಳಲ್ಲಿ 70 ಸಂಕೇತಗಳಿಗೇ ತುಂಬಿಹೋಗುತ್ತದೆ. ಸಂಗ್ರಹಣೆ ಅಗ್ಗವಾಗಿರುವ ಈಗ ಇದು ದೊಡ್ಡ ತೊಡಕಲ್ಲ.

ನಿಜವಾದ ನಷ್ಟವನ್ನು ಕಾಣಬೇಕಾದರೆ ಮ್ಯಾನ್ಮಾರ್‌ನ ಬರ್ಮೀ ಭಾಷೆಯನ್ನು ನೋಡಬೇಕು. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಜಾಗಿ ಎಂಬ ಫಾಂಟ್, ಯುನಿಕೋಡ್‌ನ ಸ್ಥಾನಗಳನ್ನೇ ಬಳಸಿಕೊಂಡು ಅವುಗಳಿಗೆ ತನ್ನದೇ ಅರ್ಥವನ್ನೂ ಕ್ರಮವನ್ನೂ ಕೊಟ್ಟಿತ್ತು. ವ್ಯಂಜನದ ಎಡಕ್ಕೆ ಕಾಣುವ ಸ್ವರಚಿಹ್ನೆಯನ್ನು ಯುನಿಕೋಡ್ ವ್ಯಂಜನದ ನಂತರ ದಾಖಲಿಸಿದರೆ ಜಾಗಿ ಮೊದಲೇ ದಾಖಲಿಸುತ್ತಿತ್ತು. ಹೀಗಾಗಿ ತೆರೆಯ ಮೇಲೆ ಒಂದೇ ರೀತಿ ಕಾಣುವ ಪದ ಒಳಗೆ ಎರಡು ಬೇರೆ ಸರಣಿಗಳಾಗಿರುತ್ತಿತ್ತು, ಒಂದನ್ನು ಹುಡುಕಿದವರಿಗೆ ಇನ್ನೊಂದು ಸಿಗುತ್ತಿರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಯುನಿಕೋಡ್‌ಗೆ ಹೊರಳಿತು, ಆದರೆ ಅದಕ್ಕೂ ಮುಂಚೆ ಬರೆದದ್ದು ತಾನಾಗಿ ಬದಲಾಗುವುದಿಲ್ಲವಲ್ಲ! ಭಾರತೀಯ ಭಾಷೆಗಳಲ್ಲಿ ಹಳೆಯ ಫಾಂಟ್‌ಗಳಿಂದ ಟೈಪಿಸಿದ ಕಡತಗಳ ಪಾಡೂ ಇಂಥದ್ದೇ. ಆ ಫಾಂಟ್ ಇಲ್ಲದ ಕಡೆ ತೆರೆದರೆ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು ಕಾಣುತ್ತದೆ, ಯಂತ್ರ ಅದನ್ನು ಕಸವೆಂದು ತಳ್ಳಿಹಾಕುತ್ತದೆ. ಒಬ್ಬರು ವರ್ಷಗಟ್ಟಲೆ ಕುಳಿತು ಬರೆದದ್ದು ಹೀಗೆ ಕಸದ ಪಾಲಾಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎಣಿಕೆ ಇನ್ನೊಂದು ದಿಕ್ಕಿನಲ್ಲೂ ದಾರಿ ತಪ್ಪಿಸುತ್ತದೆ. ಫಿಲಿಪ್ಪೀನ್ಸ್‌ನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದು, ಸಂಖ್ಯೆಯಲ್ಲಿ ಅದು ಇಂಗ್ಲಿಷಿನ ನಂತರದ ಸಾಲಿನಲ್ಲಿ ನಿಲ್ಲುತ್ತದೆ. ಅವುಗಳಲ್ಲಿ ಬಹುಪಾಲು ಒಂದು ಸ್ವಯಂಚಾಲಿತ ತಂತ್ರಾಂಶ ರಚಿಸಿದ ಚುಟುಕು ಬರಹಗಳು. ಆ ಭಾಷೆಯನ್ನಾಡುವವರ ಬದುಕು, ವಾದ, ನೆನಪು ಅವುಗಳಲ್ಲಿ ಸಿಗುವುದಿಲ್ಲ. ಆದ್ದರಿಂದ ಭಾಷೆಯನ್ನು ಬಲ್ಲ ಒಬ್ಬರು ಕೆಲವು ಪುಟಗಳನ್ನಾದರೂ ಓದಿ ನೋಡುವವರೆಗೆ ಯಾವ ಸಂಗ್ರಹದ ಗಾತ್ರವನ್ನೂ ನಾನು ನಂಬುವುದಿಲ್ಲ.

ತಮ್ಮ ಭಾಷೆಯ ಬರಹ ಹುಡುಕಿದವರಿಗೆ ಸಿಗಬೇಕೆಂದು ಬಯಸುವವರು ಅದನ್ನು ಚಿತ್ರವಾಗಿ ಹಾಕದೆ ಯುನಿಕೋಡ್ ಪಠ್ಯವಾಗಿಯೇ ಹಾಕಬೇಕು, ಪುಟದ ಹಿಂದಿನ ಎಚ್‌ಟಿಎಂಎಲ್ ಬರಹದಲ್ಲಿ ಭಾಷೆಯ ಹೆಸರನ್ನು ಸರಿಯಾಗಿ ನಮೂದಿಸಬೇಕು. ಎಷ್ಟೋ ಪುಟಗಳಲ್ಲಿ, ಸಿದ್ಧ ವಿನ್ಯಾಸವನ್ನು ಹಾಗೆಯೇ ಬಳಸಿದ್ದರಿಂದ, ಆ ಜಾಗದಲ್ಲಿ ಇಂಗ್ಲಿಷ್ ಎಂದೇ ಉಳಿದಿರುತ್ತದೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿದ ಮೇಲೂ ಮೂಲವನ್ನು ಅಳಿಸಬಾರದು, ಪರಿವರ್ತಕ ಒತ್ತಕ್ಷರವೊಂದನ್ನು ತಪ್ಪಾಗಿ ಬದಲಿಸಿದ್ದರೆ ಅದನ್ನು ತಿದ್ದಲು ಆ ಮೂಲವೇ ಬೇಕಾಗುತ್ತದೆ.