ವಿಮಾನ ಸಂಸ್ಥೆ ಮುಳುಗುವಾಗ ನೌಕರರ ಸಂಬಳ ಎಲ್ಲಿ ಹೋಗುತ್ತದೆ?

ಕಿಂಗ್‌ಫಿಷರ್ ಏರ್‌ಲೈನ್ಸ್ ಏಕೆ ಮುಳುಗಿತು ಎಂದು ಕೇಳಿದರೆ, ಎಂಜಿನಿಯರುಗಳೂ ಪೈಲಟ್‌ಗಳೂ ಮುಷ್ಕರ ಹೂಡಿ ಅದನ್ನು ಮುಗಿಸಿದರು ಎಂದು ಹೇಳುವವರು ಬೆಂಗಳೂರಿನಲ್ಲಿ ಇಂದಿಗೂ ಸಿಗುತ್ತಾರೆ. ಕಾರ್ಮಿಕ ಕಾನೂನಿನ ವಕೀಲನಾಗಿ ಈ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ಘಟನೆಗಳು ನಡೆದ ಕ್ರಮವೇ ಬೇರೆ.

2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿದ ಈ ಸಂಸ್ಥೆ ಯಾವ ವರ್ಷವೂ ಲಾಭ ಕಾಣಲಿಲ್ಲ. ದೇಶದೊಳಗೆ ಐದು ವರ್ಷ ಸೇವೆ ನೀಡಿದವರಿಗಷ್ಟೇ ಹೊರದೇಶಕ್ಕೆ ಹಾರಲು ಅನುಮತಿ ಎಂಬ ಅಂದಿನ ನಿಯಮವನ್ನು ಬೇಗ ದಾಟುವುದಕ್ಕೆ, 2003ರಲ್ಲೇ ಆರಂಭವಾಗಿದ್ದ ಅಗ್ಗದ ದರದ ಏರ್ ಡೆಕ್ಕನ್‌ನ ಪಾಲನ್ನು ಅದು 2007ರಲ್ಲಿ ಕೊಂಡಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ಹಾರಾಟ ಶುರುವಾಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಅಗ್ಗದ ದರದ ಸಂಸ್ಥೆಯೊಂದರ ನಷ್ಟವನ್ನೂ ದುಬಾರಿ ಸೇವೆಯ ಖರ್ಚನ್ನೂ ಒಟ್ಟಿಗೆ ಹೊತ್ತ ಕಂಪನಿ ಮೇಲೇಳಲೇ ಇಲ್ಲ. 2012ರ ಸೆಪ್ಟೆಂಬರ್ ಕೊನೆಯಲ್ಲಿ ಎಂಜಿನಿಯರುಗಳು ಕೆಲಸ ನಿಲ್ಲಿಸಿದಾಗ, ಆ ವರ್ಷದ ಮಾರ್ಚ್‌ನಿಂದ ಸಂಬಳ ಬಂದಿರಲಿಲ್ಲ.

ಎಂಜಿನಿಯರುಗಳು ನಿಂತರೆ ಎಲ್ಲವೂ ನಿಲ್ಲುವುದಕ್ಕೆ ಕಾರಣವಿದೆ. ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್, ವಿಮಾನ ಹಾರಾಟಕ್ಕೆ ಯೋಗ್ಯವಾಗಿದೆ ಎಂದು ಸಹಿ ಹಾಕದೆ ಅದು ನೆಲ ಬಿಡುವಂತಿಲ್ಲ. ಏನಾದರೂ ತಪ್ಪಾದರೆ ಆ ಸಹಿಗೆ ಹೊಣೆ ಆತನೇ. ಮನೆ ಬಾಡಿಗೆಗೂ ಮಕ್ಕಳ ಶಾಲೆಯ ಶುಲ್ಕಕ್ಕೂ ಸಾಲ ಮಾಡುತ್ತಾ ಅರ್ಧ ವರ್ಷ ಕಳೆದವನಿಂದ ಪ್ರತಿ ರಾತ್ರಿ ಅಂಥ ಸಹಿಯನ್ನು ನಿರೀಕ್ಷಿಸುವುದು ಅನ್ಯಾಯ ಮಾತ್ರವಲ್ಲ, ಪ್ರಯಾಣಿಕರಿಗೆ ಅಪಾಯವೂ ಹೌದು. ಅಕ್ಟೋಬರ್ 1ರಂದು ಕಂಪನಿ ಲಾಕೌಟ್ ಘೋಷಿಸಿತು. 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದರ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು.

ಸಂಬಳವಿಲ್ಲದ ಈ ಏಳು ತಿಂಗಳಲ್ಲಿ, ಕಂಪನಿಯಿಂದ ಹಣ ಬರಬೇಕಿದ್ದ ಉಳಿದವರು ಏನು ಮಾಡುತ್ತಿದ್ದರು ಎಂಬುದನ್ನು ನೋಡಬೇಕು. ತೈಲ ಕಂಪನಿಗಳು ನಗದು ಕೊಟ್ಟರಷ್ಟೇ ಇಂಧನ ಎಂದಿದ್ದವು. ಗುತ್ತಿಗೆಗೆ ವಿಮಾನ ಕೊಟ್ಟವರು ತಮ್ಮ ವಿಮಾನಗಳನ್ನು ವಾಪಸು ಕೇಳುತ್ತಿದ್ದರು. ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಕೈಯಲ್ಲಿ ಅಡಮಾನ ಪತ್ರಗಳಿದ್ದವು. ಯಾವ ಭದ್ರತೆಯೂ ಇಲ್ಲದೆ, ಬಡ್ಡಿಯನ್ನೂ ಕೇಳದೆ, ತಿಂಗಳ ಮೇಲೆ ತಿಂಗಳು ತಮ್ಮ ದುಡಿಮೆಯನ್ನು ಸಾಲವಾಗಿ ಕೊಡುತ್ತಾ ಹೋದವರು ನೌಕರರು ಮಾತ್ರ. ಬಾಕಿ ಕೇಳಲು ಅವರ ಬಳಿ ಉಳಿದಿದ್ದ ಸಾಧನ ಮುಷ್ಕರ ಒಂದೇ.

ಆ ಸಾಧನವನ್ನೂ ಕಾನೂನು ಸುಲಭವಾಗಿ ಬಳಸಗೊಡುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆಯಾಗಿತ್ತು. ನೋಟಿಸ್ ಕೊಟ್ಟು 14 ದಿನ ಕಾಯದೆ ಮುಷ್ಕರ ಹೂಡಿದರೆ ಅದು ಅಕ್ರಮ. ಸಂಬಳ ಸಿಗದ ನೌಕರರು ಮೊದಲು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುವುದುಂಟು. ಆದರೆ ವಿಮಾನ ಸಾರಿಗೆ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರಿದ್ದರಿಂದ ವಿವಾದವನ್ನು ಯಶವಂತಪುರದ ಶ್ರಮ ಸದನದಲ್ಲಿರುವ ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಮುಂದೆಯೇ ಎತ್ತಬೇಕು. ಇಷ್ಟು ತಿಳಿಯುವಷ್ಟರಲ್ಲಿ ಕೆಲವರಿಗೆ ತಿಂಗಳುಗಳೇ ಕಳೆದಿರುತ್ತವೆ. ಇನ್ನು, ಸಂಸ್ಥೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ರಕ್ಷಣೆ ಕಾರ್ಖಾನೆ, ಗಣಿ ಮತ್ತು ತೋಟಗಳಿಗೆ ಮಾತ್ರ ಸೀಮಿತ. ಸಾವಿರಾರು ಜನರಿದ್ದರೂ ವಿಮಾನ ಸಂಸ್ಥೆಗೆ ಅದು ಅನ್ವಯಿಸದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯೂ ಮುಷ್ಕರಕ್ಕೆ 14 ದಿನ ಕಾಯುವ ನಿಯಮವನ್ನೂ ಮುಚ್ಚುವ ಅನುಮತಿಯ ಈ ಮಿತಿಯನ್ನೂ ಉಳಿಸಿಕೊಂಡಿದೆ. ಪೈಲಟ್‌ಗಳು ಈ ಕಾನೂನಿನ ರಕ್ಷಣೆ ಸಿಗುವ ಕಾರ್ಮಿಕರ ವ್ಯಾಖ್ಯೆಗೆ ಸೇರುತ್ತಾರೆಯೇ ಎಂಬ ತಕರಾರು ಪ್ರತಿ ಪ್ರಕರಣದಲ್ಲೂ ಏಳುತ್ತಿತ್ತು. ಸೇರುತ್ತಾರೆ ಎಂದು ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿದ್ದು ಸಮಾಧಾನದ ಸಂಗತಿ.

ಸಂಬಳ ನಿಲ್ಲುವ ಮೊದಲೇ ಇನ್ನೊಂದು ಹಾನಿ ಆಗಿರುತ್ತದೆ. ಹೆಸರು ಹೇಳಬಾರದ ಕಂಪನಿಯೊಂದರ ಉದ್ಯೋಗಿಯೊಬ್ಬರು ಆದಾಯ ತೆರಿಗೆ ಇಲಾಖೆಯ ನೋಟಿಸ್ ಹಿಡಿದು ನನ್ನ ಕಚೇರಿಗೆ ಬಂದರು. ಅವರ ವೇತನ ಚೀಟಿಯಲ್ಲಿ ತಿಂಗಳು ತಿಂಗಳೂ ಟಿಡಿಎಸ್, ಅಂದರೆ ಸಂಬಳದಿಂದಲೇ ಹಿಡಿಯುವ ತೆರಿಗೆ, ಕಡಿತವಾಗಿತ್ತು. ಜಮೆಯಾದ ತೆರಿಗೆಯನ್ನು ತೋರಿಸುವ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಅದೇ ತಿಂಗಳುಗಳ ಎದುರು ಏನೂ ಇರಲಿಲ್ಲ. ಕಡಿತ ಮಾಡಿದ ತೆರಿಗೆಯನ್ನು ಕಂಪನಿ ಕಟ್ಟದಿದ್ದರೆ ಅದನ್ನು ಮತ್ತೆ ನೌಕರನಿಂದ ಕೇಳಬಾರದು ಎಂದು ಆಗ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಕಲಂ ಹೇಳಿತ್ತು. ಆದರೆ ಕಡಿತವಾಗಿದೆ ಎಂದು ತೋರಿಸಲು ಆ ಚೀಟಿಯೇ ಬೇಕು. ಹೀಗಾಗಿ ಸಂಬಳ ಒಂದು ವಾರ ತಡವಾದರೂ ವೇತನ ಚೀಟಿ, ಬ್ಯಾಂಕ್ ವಿವರ ಮತ್ತು ಪಿಎಫ್ ಪಾಸ್‌ಬುಕ್‌ನ ಪ್ರತಿಗಳನ್ನು ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಿ ಎಂದು ಬಂದವರಿಗೆಲ್ಲ ಹೇಳುತ್ತೇನೆ, ಏಕೆಂದರೆ ಬಾಗಿಲು ಮುಚ್ಚಿದ ಮೇಲೆ ಕಂಪನಿಯ ಸರ್ವರ್ ತೆರೆಯುವುದಿಲ್ಲ.

ದಿವಾಳಿ ಸಂಹಿತೆ 2016ರಲ್ಲಿ ಬಂದ ನಂತರ ಸ್ಥಿತಿ ಸ್ವಲ್ಪ ಸುಧಾರಿಸಿದೆ. ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಕಂಪನಿಯನ್ನು ಮುಗಿಸುವುದಕ್ಕೆ, ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಭದ್ರತೆ ಪಡೆದು ಸಾಲ ಕೊಟ್ಟವರ ಸಮಾನ ಸ್ಥಾನ ಸಿಕ್ಕಿದೆ. ಆದರೆ ಕಾರ್ಮಿಕರ ವ್ಯಾಖ್ಯೆಗೆ ಸೇರದ ನೌಕರರಿಗೆ 12 ತಿಂಗಳ ಬಾಕಿ, ಅದೂ ಅವರ ನಂತರ. 2019ರ ಏಪ್ರಿಲ್‌ನಲ್ಲಿ ನಿಂತ ಜೆಟ್ ಏರ್‌ವೇಸ್‌ನ ಪ್ರಕರಣದಲ್ಲಿ ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಪೂರ್ತಿ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಪುನಶ್ಚೇತನ ಯೋಜನೆ ಕೈಗೂಡದೆ 2024ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ಸಮಾಪನಕ್ಕೆ ಆದೇಶಿಸಿತು. ಮಾರಲು ಆಸ್ತಿಯೇ ಇಲ್ಲದಿದ್ದರೆ ಸಮಾನ ಸ್ಥಾನದಿಂದ ಪ್ರಯೋಜನವೇನು? ವಿಮಾನಗಳಲ್ಲಿ ಬಹುಪಾಲು ಗುತ್ತಿಗೆಯವು.

2023ರಲ್ಲಿ ಗೋ ಫಸ್ಟ್ ನಿಂತಾಗ ಗುತ್ತಿಗೆಗೆ ವಿಮಾನ ಕೊಟ್ಟಿದ್ದ ಕಂಪನಿಗಳು ಅವನ್ನು ವಾಪಸು ಒಯ್ಯಲಾಗದೆ ದೂರಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕ್ರಿಯೆ ನಡೆಯುವಾಗ ಆಸ್ತಿ ಒಯ್ಯಲು ಇರುವ ತಡೆಯಿಂದ ವಿಮಾನಗಳನ್ನು ಹೊರಗಿಡಲಾಯಿತು, 2025ರಲ್ಲಿ ಆ ಕಂಪನಿಗಳ ಹಕ್ಕಿಗೆಂದೇ ಪ್ರತ್ಯೇಕ ಕಾಯ್ದೆ ಬಂತು. ಹೂಡಿಕೆ ಬರಬೇಕಾದರೆ ಇದು ಬೇಕು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಅಷ್ಟೇ ಆಸ್ಥೆ ಸಂಬಳದ ಬಗ್ಗೆಯೂ ಇರಬೇಕು. ವಿಮಾನ ಸಂಸ್ಥೆ ಎರಡು ತಿಂಗಳ ವೇತನವನ್ನು ಪ್ರತ್ಯೇಕ ಖಾತೆಯಲ್ಲಿ ಇಡುವುದನ್ನು ಪರವಾನಗಿಯ ಷರತ್ತಾಗಿಸಬೇಕು. ಒಂದು ತಿಂಗಳ ಸಂಬಳ ತಪ್ಪಿದರೂ ಅದನ್ನು ಸುರಕ್ಷತೆಯ ಲೋಪವೆಂದು ಪರಿಗಣಿಸಿ ಮಹಾನಿರ್ದೇಶನಾಲಯ ಕಂಪನಿಯನ್ನು ವಿಚಾರಣೆಗೆ ಕರೆಯಬೇಕು. 2012ರಲ್ಲಿ ಈ ನಿಯಮ ಇದ್ದಿದ್ದರೆ ಅಕ್ಟೋಬರ್‌ನ ಬದಲು ಏಪ್ರಿಲ್‌ನಲ್ಲೇ ಆ ವಿಚಾರಣೆ ನಡೆಯುತ್ತಿತ್ತು.