ಗುಳೆ ಹೋದ ಮಗು ಯಾವ ಶಾಲೆಯ ಲೆಕ್ಕಕ್ಕೆ?

ಸರ್ಕಾರಿ ಶಾಲೆಯಲ್ಲಿ ಮಕ್ಕಳ ತಲೆ ಎಣಿಸುವುದು ಎರಡು ಬಗೆಯಲ್ಲಿ. ಬಿಸಿಯೂಟಕ್ಕೆ ಅಂದಂದಿನ ಹಾಜರಿ ಬೇಕು: ಐದನೇ ತರಗತಿಯವರೆಗೆ ತಲೆಗೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರೆಗೆ 150. ಶಿಕ್ಷಕರ ಹುದ್ದೆಗೂ ಶಾಲಾ ಅನುದಾನಕ್ಕೂ ಹಾಜರಿ ಬೇಡ, ದಾಖಲಾತಿ ಸಾಕು. ದೇಶದ ಎಲ್ಲ ಶಾಲೆಗಳ ಮಾಹಿತಿ ಸೇರಿಸುವ ಯುಡೈಸ್ ಎಣಿಕೆಗೆ ಆಧಾರ ಸೆಪ್ಟೆಂಬರ್ 30. ಕಲಬುರಗಿ, ಯಾದಗಿರಿ, ವಿಜಯಪುರದ ತಾಂಡಾಗಳಿಂದ ಗುಳೆ ಹೊರಡುವುದು ದಸರೆ, ದೀಪಾವಳಿ ಮುಗಿದ ಮೇಲೆ. ಹೀಗಾಗಿ ಲೆಕ್ಕದ ದಿನ ಬೆಂಚು ತುಂಬಿರುತ್ತದೆ. ನವೆಂಬರ್ ಕೊನೆಗೆ ಬಿಸಿಯೂಟದ ಪಾತ್ರೆ ಚಿಕ್ಕದಾಗುತ್ತದೆ, ಹಾಜರಿ ಪುಸ್ತಕದ ಹೆಸರುಗಳು ಮಾತ್ರ ಹಾಗೇ ಉಳಿಯುತ್ತವೆ.

ಮುಖ್ಯ ಶಿಕ್ಷಕರು ಆ ಹೆಸರು ತೆಗೆಯಲು ಯಾಕೆ ಹಿಂಜರಿಯುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 60 ದಾಟಿದರೆ ಮೂವರು. ದಾಖಲಾತಿ 62 ಇರುವ ಶಾಲೆ ಮೂರು ಹೆಸರು ಹೊಡೆದರೆ ಒಬ್ಬರು 'ಹೆಚ್ಚುವರಿ' ಆಗುತ್ತಾರೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆ ಶಾಲೆಯ ಖರ್ಚಿಗೆ ಕೊಡುವ ಸಂಯೋಜಿತ ಅನುದಾನವೂ ಮೆಟ್ಟಿಲಿನ ಹಾಗೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000. ಒಂದು ಮಗು ಕಡಿಮೆಯಾದರೆ 15,000 ಹೋಯಿತು. ಅದರಲ್ಲೂ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ ತೆಗೆದಿಡಬೇಕು. 30 ಮಕ್ಕಳ ಶಾಲೆಗೂ 31ರ ಶಾಲೆಗೂ ಕರೆಂಟ್ ಬಿಲ್ಲು, ಸೋರುವ ಹೆಂಚು, ಕೆಟ್ಟ ನಲ್ಲಿ ಒಂದೇ. ಇದನ್ನು ಮುಖ್ಯ ಶಿಕ್ಷಕರ ಕಳ್ಳಲೆಕ್ಕ ಎಂದು ಬೈಯುವುದು ಸುಲಭ. ನನಗೆ ತಪ್ಪು ಕಾಣುವುದು ಮೆಟ್ಟಿಲಿನಲ್ಲಿ.

ಏಟು ಬೀಳುವುದು ಮಗುವಿಗೆ. ಕಾಗದದಲ್ಲಿ ಅದು ಶಾಲೆಯಲ್ಲೇ ಇದೆ, ಆದ್ದರಿಂದ ಶಾಲೆ ಬಿಟ್ಟವರ ಪಟ್ಟಿಗೆ ಸೇರುವುದಿಲ್ಲ, ಹುಡುಕುವವರೂ ಇಲ್ಲ. ಬೆಂಗಳೂರಿನ ಕಟ್ಟಡದ ಶೆಡ್ಡಿನ ಹತ್ತಿರದ ಶಾಲೆಗೆ ಹೋದರೆ ಸ್ಯಾಟ್ಸ್ ಸಂಖ್ಯೆ (ರಾಜ್ಯದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಹಳೆ ಶಾಲೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಯುಗಾದಿಗೆ ಊರಿಗೆ ಮರಳುವಷ್ಟರಲ್ಲಿ ಪರೀಕ್ಷೆಯ ಹೊತ್ತು.

ಕಾನೂನು ಇಲ್ಲಿ ಮಗುವಿನ ಪರವಾಗಿಯೇ ಇದೆ. ಕಾಯ್ದೆಯ 5ನೇ ಕಲಂ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದೂ ಹೇಳುವಂತಿಲ್ಲ. ಆದರೂ ಪಾಲಕರ ಕೈಯಲ್ಲಿ ಸ್ಯಾಟ್ಸ್ ಸಂಖ್ಯೆ, ತರಗತಿ, ಹಳೆ ಶಾಲೆಯ ಫೋನ್ ಬರೆದ ಒಂದು ಚೀಟಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಗುಳೆ ಹೊರಡುವ ಮುನ್ನವೇ ಕೊಡಬೇಕು. ಮೇಸ್ತ್ರಿಯ ಟೆಂಪೋ ಬಂದು ನಿಂತ ಮೇಲೆ ಯಾರೂ ಶಾಲೆ ಕಡೆ ತಿರುಗುವುದಿಲ್ಲ.

ಅಜ್ಜ ಅಜ್ಜಿ ಊರಲ್ಲೇ ಉಳಿಯುವ ಮನೆಗಳಿಗೆ ಋತುಮಾನದ ವಸತಿ ಕೇಂದ್ರ, ಅಂದರೆ ಪಾಲಕರು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳು ಉಳಿದು ಓದುವ ಜಾಗ, ಇನ್ನೂ ಒಳ್ಳೆಯ ದಾರಿ. ಅಲ್ಲಿ ಎಡವುವುದು ಅರ್ಜಿ ಹಾಕುವ ತಿಂಗಳಿನಲ್ಲಿ. ಮಕ್ಕಳು ಹೋದ ಮೇಲೆ ಅರ್ಜಿ ಹಾಕಿದರೆ ಆ ವರ್ಷದ ಕಾರ್ಯಯೋಜನೆಯಲ್ಲಿ ಹಣವೇ ಇರುವುದಿಲ್ಲ. ಯೋಜನೆ ಸಿದ್ಧವಾಗುವುದು ಆರ್ಥಿಕ ವರ್ಷ ಶುರುವಾಗುವ ಮೊದಲು. ಆದ್ದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈ ಡಿಸೆಂಬರಿನಲ್ಲಿ ಗೈರುಹಾಜರಾದವರ ಹೆಸರು, ಹೋದ ಊರು, ಮರಳಿದ ತಿಂಗಳು ಬರೆದಿಟ್ಟು, ಅದನ್ನೇ ಮುಂದಿನ ವರ್ಷದ ಬೇಡಿಕೆಗೆ ಲಗತ್ತಿಸಬೇಕು.