ರಾತ್ರಿಯನ್ನು ‘ರಾತಿರ’ ಎಂದು ಓದುವ ಮಗು

ಮೂರನೇ ತರಗತಿಯ ಹುಡುಗಿ ‘ರಾತ್ರಿ’ ಎಂಬ ಪದದ ಮೇಲೆ ಬೆರಳಿಟ್ಟು ‘ರಾ... ತಿ... ರ’ ಎನ್ನುತ್ತಾಳೆ. ‘ಸೂರ್ಯ’ ಬಂದರೆ ‘ಸೂಯರ’. ಪಕ್ಕದವರು ನಗುತ್ತಾರೆ, ಅವಳು ಪುಸ್ತಕ ಮುಚ್ಚುತ್ತಾಳೆ. ‘ಇವಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂಬ ಮಾತು ಹುಟ್ಟುವುದು ಇಲ್ಲೇ. ಆದರೆ ಅವಳ ತಪ್ಪನ್ನು ಹತ್ತಿರದಿಂದ ನೋಡಿ: ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ್ದಾಳೆ. ‘ತ್ರಿ’ಯಲ್ಲಿ ಗುಡಿಸು ಇರುವುದು ತಕಾರದ ತಲೆಯ ಮೇಲೆ; ಅದರ ದನಿ ಕೇಳಬೇಕಾದದ್ದು ಕೆಳಗಿನ ರಾವತ್ತಿನ ನಂತರ. ಅರ್ಕಾವತ್ತನ್ನು ಬರೆಯುವುದು ಯಕಾರದ ಆಮೇಲೆ, ಓದುವುದು ಮೊದಲು.

ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಆದರೆ 34 ವ್ಯಂಜನಗಳ ಕಾಗುಣಿತವೇ, ಸಾಲಿಗೆ 15ರಂತೆ, 510 ರೂಪವಾಗುತ್ತದೆ. ಒತ್ತಕ್ಷರಗಳು ಬೇರೆ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಪಠ್ಯಪುಸ್ತಕವಂತೂ ಅಲ್ಲಿಯವರೆಗೆ ಕಾಯುವುದಿಲ್ಲ.

ಒಂದೊಂದೇ ಅಕ್ಷರ ಕೂಡಿಸಿ ಓದುವಾಗ ಮಗುವಿನ ತಾತ್ಕಾಲಿಕ ನೆನಪು ಅದರಲ್ಲೇ ತುಂಬಿಹೋಗುತ್ತದೆ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಪದ ಜಾರಿರುತ್ತದೆ. ಕಥೆಯಲ್ಲಿ ನರಿ ಬಾವಿಗೆ ಬಿದ್ದದ್ದು ಅವಳಿಗೆ ಗೊತ್ತೇ ಆಗುವುದಿಲ್ಲ, ಮತ್ತೆ ಖುಷಿ ಎಲ್ಲಿಂದ ಬರಬೇಕು? ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಇದನ್ನು ಒಂದು ಗುಣಾಕಾರವಾಗಿ ಹೇಳಿದರು: ಓದಿ ಅರ್ಥಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆಯ ತಿಳಿವಳಿಕೆ. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತುಳು ಆಡುವ ಮಗು ಅಕ್ಷರ ಸರಿಯಾಗಿ ಓದಿದರೂ ಪುಸ್ತಕದ ಕನ್ನಡ ತಿಳಿಯದೆ ಸುಮ್ಮನಾಗಬಹುದು. ಯಾವ ಕಡೆ ಕೊರತೆ ಎಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ಅದೇ ಪುಟವನ್ನು ನೀವು ಓದಿ ಹೇಳಿ. ಅರ್ಥವಾದರೆ ತೊಡಕು ಅಕ್ಷರದ್ದು, ಆಗದಿದ್ದರೆ ಭಾಷೆಯದ್ದೂ ಇದೆ.

ಅಕ್ಷರದ ತೊಡಕಿಗೆ ನಲಿಕಲಿಯ, ಅಂದರೆ ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ, ದಾರಿ ಚೆನ್ನಾಗಿದೆ. ಅಲ್ಲಿ ಅ ಆ ಇ ಈ ಕ್ರಮವಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರದಿಂದ ಶುರು. ಐದರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ. ಮೊದಲ ವಾರಗಳಲ್ಲೇ ಮಗು ಅರ್ಥವಿರುವ ಪದ ಓದುತ್ತದೆ. ಹಿಂದುಳಿದ ದೊಡ್ಡ ಮಕ್ಕಳಿಗೂ ಇದೇ ಬಗೆಯಲ್ಲಿ ಒತ್ತಕ್ಷರ ಕಲಿಸಬಹುದು: ದಿನಕ್ಕೆ ಒಂದೇ ಒತ್ತು, ಅದಿರುವ ಐದಾರು ಪರಿಚಿತ ಪದ. ಮೊದಲು ಅಕ್ಕ, ಅಪ್ಪ, ಅಮ್ಮನಂಥ ಸಜಾತಿ; ರಾತ್ರಿ, ಸೂರ್ಯ ಆಮೇಲೆ.

ಭಾಷೆಯ ಕಡೆಗೆ ಮದ್ದು, ಗಟ್ಟಿಯಾಗಿ ಓದಿ ಹೇಳುವುದು. ದಿನಕ್ಕೆ ಹದಿನೈದು ನಿಮಿಷ, ಒಂದೇ ಕಥೆ ಮೂರು ದಿನ. ಮೊದಲ ದಿನ ಟೀಚರ್ ಚಿತ್ರ ತೋರಿಸುತ್ತಾ ಪೂರ್ತಿ ಓದಬೇಕು. ಎರಡನೇ ದಿನ ಮರುಕಳಿಸುವ ಸಾಲು ಬಂದಾಗ ನಿಲ್ಲಿಸಿದರೆ ಮಕ್ಕಳೇ ಹೇಳುತ್ತಾರೆ. ಮೂರನೇ ದಿನ ಇಬ್ಬರಿಗೊಂದು ಪ್ರತಿ. ಇಷ್ಟರಲ್ಲಿ ಕಥೆ ಬಾಯಿಪಾಠವಾಗಿರುತ್ತದೆ, ಅದರಿಂದ ತೊಂದರೆಯಿಲ್ಲ. ಮಗು ನಿಜವಾಗಿ ಓದುತ್ತಿದೆಯೇ ಎಂದು ನೋಡಲು ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ಜೋಡಿಯಲ್ಲಿ ಒಬ್ಬರು ತಡವರಿಸಿದರೆ ಇನ್ನೊಬ್ಬರು ಐದು ಸೆಕೆಂಡು ಕಾಯಬೇಕು, ಆಮೇಲೆ ಪದವನ್ನು ಇಡಿಯಾಗಿ ಹೇಳಿಬಿಡಬೇಕು. ‘ಕೂಡಿಸಿ ಓದು’ ಎಂದು ಅಲ್ಲೇ ನಿಲ್ಲಿಸಿದರೆ ಕಥೆಯ ಎಳೆ ಕಡಿಯುತ್ತದೆ. ಇಡೀ ತರಗತಿಯ ಎದುರು ಸರದಿಯಂತೆ ಓದಿಸುವುದಂತೂ ಬೇಡ. ಒಬ್ಬರು ನಡುಗುತ್ತಾರೆ, ಉಳಿದವರು ತಮ್ಮ ಸಾಲು ಎಣಿಸುತ್ತಾ ಕೂರುತ್ತಾರೆ.

ಮಗುವೇ ಆರಿಸುವ ಪುಸ್ತಕಕ್ಕೆ ಅಳತೆ: ಸುಮಾರು ಐವತ್ತು ಪದಗಳಲ್ಲಿ ಐದಕ್ಕಿಂತ ಹೆಚ್ಚು ಕಡೆ ಸಿಕ್ಕಿಕೊಂಡರೆ ಅದು ಸದ್ಯಕ್ಕೆ ಕಷ್ಟದ ಪುಸ್ತಕ. ಒಮ್ಮೆ ಓದಿದ್ದನ್ನೇ ಹತ್ತು ಸಲ ಬೇಡಿದರೂ ತಡೆಯಬೇಡಿ. ಪ್ರತಿ ಸಲಕ್ಕೂ ಅಕ್ಷರದ ದುಡಿಮೆ ಇಳಿದು ಕಥೆಗೆ ಜಾಗವಾಗುತ್ತದೆ. ಐದನೇ ತರಗತಿಯ ಹುಡುಗನಿಗೆ ಪುಟ್ಟ ಮರಿಗಳ ಕಥೆ ಕೊಟ್ಟರೆ ನಾಚುತ್ತಾನೆ. ಅವನಿಗೆ ಹಾವು, ಬಸ್ಸು, ಕಬಡ್ಡಿಯ ಪುಸ್ತಕ ಬೇಕು, ಪದ ಮಾತ್ರ ಕಡಿಮೆಯಿರಲಿ. ರಟ್ಟಿನ ಮೇಲೆ ತರಗತಿ ಸಂಖ್ಯೆ ಬರೆಯಲೇಬಾರದು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತದ ಕನ್ನಡ ಕಥೆಗಳಿವೆ, ಇಳಿಸಿಕೊಂಡು ಮುದ್ರಿಸಲು ಹಣ ಕೊಡಬೇಕಿಲ್ಲ. ನಾಲ್ಕು ಎ4 ಹಾಳೆ ಎರಡೂ ಬದಿ ಮುದ್ರಿಸಿ ಮಡಚಿದರೆ 16 ಪುಟ. ಸ್ಟೇಪ್ಲರ್ ಪಿನ್ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದ ಹರಿಯುತ್ತದೆ. ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿಯುವುದೇ ವಾಸಿ.

ಬಹುಮಾನ ಮಾತ್ರ ಬೇಡ. ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಕಂಡಂತೆ, ಚಿತ್ರ ಬರೆದರೆ ಬಹುಮಾನವೆಂದು ಮೊದಲೇ ಹೇಳಿಸಿಕೊಂಡು ಅದನ್ನು ಪಡೆದ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ‘ಹೆಚ್ಚು ಪುಸ್ತಕ ಓದಿದವರಿಗೆ ಪೆನ್ನು’ ಎಂದರೆ ಮಕ್ಕಳು ತೆಳ್ಳಗಿನದನ್ನೇ ಹುಡುಕುತ್ತಾರೆ. ಕಥೆ ಮುಗಿದೊಡನೆ ‘ನೀತಿ ಏನು?’ ಎಂದು ಕೇಳುವುದೂ ಓದನ್ನು ಪರೀಕ್ಷೆಯಾಗಿಸುತ್ತದೆ.

ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲಿರಬಾರದು. ಮಗುವಿನ ಎದೆಯ ಎತ್ತರಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಮುಖಪುಟ ಕಾಣುವಂತೆ ತೂಗುಹಾಕಿ. ಮನೆಗೆ ಒಯ್ಯುವವರು ಅದೇ ಕ್ಲಿಪ್ಪಿಗೆ ತಮ್ಮ ಹೆಸರಿನ ಚೀಟಿ ಸಿಕ್ಕಿಸಿ ಹೋಗಲಿ. ಹರಿದು ಬಂದದ್ದನ್ನು ಶನಿವಾರ ಮಕ್ಕಳೇ ಹೊಲಿದು ಮತ್ತೆ ಹಗ್ಗಕ್ಕೆ ಹಾಕಬಹುದು.